ಇಸ್ಪೀಟಿನ ಲೆಕ್ಕ

ಹೋದ ತಿಂಗಳು ತರೀಕೆರೆಯಲ್ಲಿ ನಮ್ಮ ಗಣಿತದ ಮೇಡಂಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದ ಆರು ಜನರಲ್ಲಿ ನಾಲ್ವರು ಅವರನ್ನು ಅಜಾತಶತ್ರು ಎಂದರು. ನಾನು ಮೂರನೇ ಸಾಲಿನಲ್ಲಿ ಕೂತು ತುಟಿ ಕಚ್ಚಿಕೊಂಡೆ. ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಅರ್ಥ ನೋಡದೆ ಪದಗಳನ್ನು ಎಲ್ಲೆಂದರಲ್ಲಿ ಬಳಿಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಜಾತಶತ್ರು ಎಂದರೆ ಶತ್ರುವೇ ಹುಟ್ಟದವರು. ಮೇಡಂಗೆ ಒಬ್ಬಳು ಶತ್ರು ಹುಟ್ಟಿದ್ದಳು, ಒಂದೆರಡು ತಿಂಗಳ ಮಟ್ಟಿಗಾದರೂ. ಅವಳು ನಾನೇ. ಸಭೆಯಲ್ಲಿ ಎದ್ದು ನಿಂತು ಹೇಳುವಷ್ಟು ಧೈರ್ಯ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜಂಪುರದಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದೆವು. ಅವರು ಕಡೂರಿನಿಂದ ರೈಲಿನಲ್ಲಿ ಬರುತ್ತಿದ್ದರು, ನಾನು ತರೀಕೆರೆಯಿಂದ ಬಸ್ಸಿನಲ್ಲಿ. ಅಜ್ಜಂಪುರ ಸ್ಟೇಷನ್ನಿನ ಮುಂದೆ ಇಬ್ಬರೂ ಸೇರಿ ಒಂದೇ ಆಟೋ ಹತ್ತುತ್ತಿದ್ದೆವು. ಕುಳ್ಳಗಿನ ಹೆಂಗಸು, ನಡಿಗೆ ಮಾತ್ರ ಬಿರುಸು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬೆಳಗಿನ ಪೂಜೆ ಒಂದು ದಿನ ತಪ್ಪಿಸಿದವರಲ್ಲ. ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಒಂದು ಕಟ್ಟು ಇಸ್ಪೀಟು ಇದ್ದೇ ಇರುತ್ತಿತ್ತು.

ಆ ಕಟ್ಟು ಕೊಳ್ಳುವಾಗ ನಾನೂ ಜೊತೆಗಿದ್ದೆ. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯವನು ಇವರ ವಿಭೂತಿ ನೋಡಿದ, ಕೈಯಲ್ಲಿನ ಕಟ್ಟು ನೋಡಿದ. “ಯಜಮಾನ್ರಿಗಾ ಅಮ್ಮ?” ಎಂದ. “ಅಲ್ಲಪ್ಪ, ನನಗೇ” ಎಂದರು. ಅಲ್ಲೇ ಕಟ್ಟು ಬಿಚ್ಚಿ, ಐವತ್ತೆರಡು ಎಲೆ ಎಣಿಸಿ, ಜೋಕರ್ ಎರಡನ್ನೂ ತೆಗೆದು ಅವನ ಕೈಗೇ ಕೊಟ್ಟರು. “ಇವು ನನ್ನ ಲೆಕ್ಕಕ್ಕಿಲ್ಲ. ಮನೇಲಿ ಮಗು ಇದ್ರೆ ಆಡ್ಕೊಳ್ಳೋಕೆ ಕೊಡು.” ಅಂಗಡಿಯವನು ನಾವು ಬಸ್ಸು ಹತ್ತುವವರೆಗೂ ನೋಡುತ್ತಲೇ ಇದ್ದ.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು, ‘ಎಷ್ಟರಲ್ಲಿ ಎಷ್ಟು?’ ಬಸ್ಸು ಖಂಡಿತ ಬರುತ್ತೆ ಎಂದರೆ, “ಎಷ್ಟರಲ್ಲಿ ಎಷ್ಟು ದಿನ ಬಂದಿದೆ?” ಎನ್ನುವರು. ಇವತ್ತು ಎದ್ದ ಗಳಿಗೆಯೇ ಸರಿಯಿಲ್ಲ ಎಂದು ನಾನು ಗೊಣಗಿದರೆ, “ಸರಿಯಿದ್ದ ದಿನಗಳನ್ನು ಎಲ್ಲಾದ್ರೂ ಬರೆದಿಟ್ಟಿದೀರಾ?” ಎಂದು ಕೇಳುವರು. ಬೆಳಿಗ್ಗೆ ಬೆಳಿಗ್ಗೆ ಇಂಥ ಮಾತು ಕೇಳಿಸಿಕೊಂಡವರಿಗೆ ಗೊತ್ತು ಅದರ ಸುಖ. ಎಷ್ಟೋ ದಿನ ನಾನು ಆಟೋದಲ್ಲಿ ಮುಖ ತಿರುಗಿಸಿಕೊಂಡೇ ಕೂತಿದ್ದೇನೆ.

ರೈಲಿನಲ್ಲಿ ದಿನಾ ಓಡಾಡುವ ನೌಕರರ ಗುಂಪೊಂದು ತೊಡೆಯ ಮೇಲೆ ಟವೆಲ್ ಹಾಸಿಕೊಂಡು ರಮ್ಮಿ ಆಡುತ್ತಿತ್ತಂತೆ. ಅವರಿಗೆ ಮೇಡಂ ಎಂದರೆ ಜ್ಯೋತಿಷಿ ಇದ್ದ ಹಾಗೆ. “ಮೇಡಂ, ನನಗೆ ಎಕ್ಕ ಬತ್ತದಾ?” ಎಂದು ಒಬ್ಬ ಕೇಳುತ್ತಿದ್ದ. ಇವರು ಟವೆಲ್ಲಿನ ಮೇಲೆ ಒಮ್ಮೆ ಕಣ್ಣಾಡಿಸಿ, “ನಿಮಗೆ ಕಾಣದೆ ಇರೋ ಎಲೆ ಮೂವತ್ತು, ಅದರಲ್ಲಿ ಎಕ್ಕ ಎರಡು. ಹದಿನೈದರಲ್ಲಿ ಒಂದು” ಎನ್ನುತ್ತಿದ್ದರು. “ಅಯ್ಯೋ, ಬತ್ತದೋ ಇಲ್ವೋ ಅಷ್ಟು ಹೇಳಿ ಸಾಕು.” “ಅದು ನನಗೂ ಗೊತ್ತಿಲ್ಲಪ್ಪ. ಗೊತ್ತಿದೆ ಅನ್ನೋರ ಹತ್ರ ಹುಷಾರಾಗಿರು.” ಇದನ್ನು ನನಗೆ ಹೇಳಿ ನಗುತ್ತಿದ್ದರು. ಆಡಲು ಎಷ್ಟು ಕರೆದರೂ ಅವರು ಒಂದು ದಿನವೂ ಕೂರಲಿಲ್ಲ.

ಹತ್ತನೇ ಕ್ಲಾಸಿನ ಗಣಿತದಲ್ಲಿ ಸಂಭವನೀಯತೆ ಎಂಬ ಒಂದು ಪಾಠ ಇದೆ. ಚೆನ್ನಾಗಿ ಕಲೆಸಿದ ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ರಾಜ ಆಗುವ ಸಂಭವ ಎಷ್ಟು, ಕೆಂಪು ಎಲೆ ಆಗುವ ಸಂಭವ ಎಷ್ಟು, ಇಂಥವು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ, ಅದರಲ್ಲೂ ಹೆಣ್ಣುಮಕ್ಕಳು, ಇಸ್ಪೀಟು ಕೈಯಲ್ಲಿ ಮುಟ್ಟಿದವರಲ್ಲ. ಕಾಣದ ವಸ್ತುವಿನ ಲೆಕ್ಕ ಹೇಗೆ ಮಾಡಬೇಕು? ಹಿಂದಿನ ಮೇಷ್ಟ್ರುಗಳು ಬೋರ್ಡಿನ ಮೇಲೆ ನಾಲ್ಕು ಗುರುತು ಬರೆದು ಮುಗಿಸುತ್ತಿದ್ದರು. ಮೇಡಂ ಹಾಗೆ ಮಾಡಲಿಲ್ಲ. ಆ ವರ್ಷ ಕ್ಲಾಸಿನಲ್ಲಿ ಇಪ್ಪತ್ತಾರು ಮಕ್ಕಳಿದ್ದರು. ತಲೆಗೆ ಎರಡರಂತೆ ಕಟ್ಟನ್ನೆಲ್ಲ ಹಂಚಿಬಿಟ್ಟರು. “ಈ ಎರಡು ಎಲೆಗೆ ನೀವೇ ಜವಾಬ್ದಾರರು. ದಿನಾ ತರಬೇಕು” ಎಂದರು.

ಕ್ಲಾಸು ಶುರುವಾದಾಗ ಎಲ್ಲರ ಎಲೆಗಳೂ ಮೇಜಿನ ಮೇಲಿನ ಹೂವಿನ ಬುಟ್ಟಿಗೆ ಬೀಳುತ್ತಿದ್ದವು. ಒಬ್ಬ ಬರದಿದ್ದರೆ ಕಟ್ಟು ಐವತ್ತಕ್ಕಿಳಿಯುತ್ತಿತ್ತು. “ಇವತ್ತು ಛೇದದಲ್ಲಿ ಐವತ್ತು ಬರ್ಕೊಳ್ಳಿ” ಎನ್ನುತ್ತಿದ್ದರು. ಬರದವನ ಹತ್ತಿರ ಎಕ್ಕ ಇದ್ದರೆ ಅಂಶದಲ್ಲೂ ಒಂದು ಕಮ್ಮಿ. ಮಾರನೇ ದಿನ ಅವನು ಬಂದಾಗ ಬೈಗುಳವಿಲ್ಲ, ಬೆತ್ತವಿಲ್ಲ. “ನಿನ್ನೆ ನೀನಿಲ್ದೆ ಇಡೀ ಕ್ಲಾಸಿನ ಲೆಕ್ಕ ಬೇರೆ ಆಗೋಯ್ತು ಕಣೋ” ಎನ್ನುವರು, ಅಷ್ಟೆ. ಅಡಿಕೆ ಸುಲಿಯುವ ಕಾಲದಲ್ಲಿ ನನ್ನ ಪೀರಿಯಡ್ಡಿಗೆ ಹದಿನೆಂಟು ಮಕ್ಕಳಿದ್ದರೆ ಅವರದಕ್ಕೆ ಇಪ್ಪತ್ತೈದು. ಊಟದ ಬೆಲ್ಲಿನ ಮೇಲೆ ಓಡಿಬಂದು ಗಣಿತ ಮುಗಿಸಿ ಮತ್ತೆ ಮಂಗಮಾಯ. ಗೋಡೆಯ ಈಚೆ ನಾನು ಹಳಗನ್ನಡ ಪದ್ಯ ಬಿಡಿಸಿ ಬಿಡಿಸಿ ಹೇಳುತ್ತಿದ್ದರೆ ಆಚೆಯಿಂದ ಮಕ್ಕಳು ಹೋ ಎಂದು ನಗುವುದು ಕೇಳುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಒಳ್ಳೆಯ ಹೆಸರು ಅದಕ್ಕಿಲ್ಲ.

ಒಂದು ಕಿರುಪರೀಕ್ಷೆಯಲ್ಲಿ ಮೇಡಂ ಕೇಳಿದ್ದರು: ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ಇಸ್ಪೀಟು ಆಗಿರುವ ಸಂಭವ ಎಷ್ಟು? ಆಟೀನು, ಡೈಮಂಡು, ಕಳಾವರು, ಇಸ್ಪೀಟು ಎಂದು ನಾಲ್ಕು ಜಾತಿ. ಒಂದೊಂದರಲ್ಲಿ ಹದಿಮೂರು ಎಲೆ. ಉತ್ತರ ನಾಲ್ಕರಲ್ಲಿ ಒಂದು. ಒಬ್ಬ ಹುಡುಗಿ ಬರೆದಿದ್ದಳು: ‘ಒಂದು. ಖಚಿತ ಘಟನೆ. ಯಾಕೆಂದರೆ ಎಲ್ಲಾ ಎಲೆಯೂ ಇಸ್ಪೀಟೇ.’ ಮೇಡಂ ಆ ಪೇಪರು ಹಿಡಿದು ಸ್ಟಾಫ್ ರೂಮಿಗೆ ಬಂದರು.

“ನೋಡ್ರೀ, ನಿಮ್ಮ ಭಾಷೆ ಮಾಡಿರೋ ಕೆಲಸ. ಒಂದು ಜಾತಿಗೂ ಅದೇ ಹೆಸರು, ಇಡೀ ಕಟ್ಟಿಗೂ ಅದೇ ಹೆಸರು. ಮಗು ತಪ್ಪು ಬರೆದಿಲ್ಲ.”

“ಭಾಷೇದೇನೂ ತಪ್ಪಿಲ್ಲ. ಪ್ರಶ್ನೆ ಕೇಳೋರಿಗೆ ಕೇಳೋಕೆ ಬರಬೇಕು” ಎಂದೆ.

“ಅದೂ ಸರಿ” ಎಂದು ಪೂರ್ತಿ ಅಂಕ ಹಾಕಿದರು. ಆ ಹುಡುಗಿಯನ್ನು ಕರೆದು ಯಾಕೆ ಹಾಗೆ ಬರೆದೆ ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ, “ನಮ್ಮನೇಲಿ ಎಲ್ಲಾದಕ್ಕೂ ಇಸ್ಪೀಟು ಅಂತ್ಲೇ ಬೈಯೋದು ಮಿಸ್” ಎಂದಳು. ಅವಳ ಅಪ್ಪ ಆಟದ ಹುಚ್ಚಿನವನು ಎಂದು ನಮಗೆ ಆಗ ತಿಳಿಯಿತು. ಅವಳ ಪಾಲಿಗೆ ಬಂದಿದ್ದು ಆಟೀನು ರಾಣಿ ಮತ್ತು ಕಳಾವರು ಏಳು.

ಜನವರಿಯ ಕೊನೆಯಲ್ಲಿ, ಮೇಡಂ ತರಬೇತಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದ ದಿನ, ಆ ಹುಡುಗಿಯ ಅಮ್ಮ ಶಾಲೆಗೆ ಬಂದಳು. ಕೈಯಲ್ಲಿ ಹಳೇ ಬಟ್ಟೆಯ ಒಂದು ಗಂಟು, ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದಿದ್ದಳು. ನನ್ನ ಮುಂದೆ ಬಿಚ್ಚಿದಳು. ಆ ಎರಡು ಎಲೆ. ಮಗಳ ಕಾಂಪಾಸು ಪೆಟ್ಟಿಗೆಯಲ್ಲಿ ಸಿಕ್ಕಿದ್ದವು.

“ಅವರಪ್ಪ ಮನೆ ತೊಳೆದಿದ್ದು ಸಾಲ್ದು ಅಂತ ಮಗಳ ಕೈಗೂ ಕೊಟ್ರಾ ಟೀಚರ್? ಓದು ಸಾಕು ಇವಳಿಗೆ. ನಾಳೆಯಿಂದ ಕಳ್ಸಲ್ಲ. ಇದನ್ನ ಯಾರಿಗೆ ಹೇಳ್ಬೇಕು, ಅದನ್ನ ಹೇಳಿ.”

ನಾನು ಆ ಕ್ಷಣ ಏನು ಹೇಳಬಹುದಿತ್ತು? ಕೂರಿಸಿ, ನೀರು ಕೊಟ್ಟು, ಇದು ಪಾಠದಲ್ಲಿರುವ ಲೆಕ್ಕ ತಾಯಿ, ಆಟವಲ್ಲ ಎಂದು ವಿವರಿಸಬಹುದಿತ್ತು. ಎರಡು ನಿಮಿಷದ ಮಾತು. ಬದಲಿಗೆ ಕಾಗದ ತೆಗೆದುಕೊಂಡೆ. ಸುತ್ತಲ ನಾಲ್ಕು ಊರಿನವರು ಅರ್ಜಿ ಬರೆಸಲು ಬರುತ್ತಿದ್ದುದು ನನ್ನ ಹತ್ತಿರವೇ. ಚೆಂದದ ಅಕ್ಷರದಲ್ಲಿ, ಒಂದೂ ಕಾಗುಣಿತ ತಪ್ಪಿಲ್ಲದೆ, ‘ಸದರಿ ಶಾಲೆಯ ಗಣಿತ ಶಿಕ್ಷಕಿಯವರು ಮಕ್ಕಳ ಕೈಗೆ ಎಲೆಗಳನ್ನು ಕೊಟ್ಟು ಇಸ್ಪೀಟು ಕಲಿಸುತ್ತಿದ್ದಾರೆ’ ಎಂದು ಬರೆದೆ. ಇಸ್ಪೀಟಿನ ಲೆಕ್ಕ ಕಲಿಸುತ್ತಿದ್ದಾರೆ ಎಂದು ಬರೆಯಬೇಕಿತ್ತು. ಲೆಕ್ಕ ಎಂಬ ಪದ ಪೆನ್ನಿನ ತುದಿಗೆ ಬಂದಿತ್ತು, ನಾನೇ ಬಿಟ್ಟೆ. ಆ ಅಮ್ಮ ಕೆಳಗೆ ಸಹಿ ಹಾಕಿದಳು.

ಅರ್ಜಿ ಮೇಲಿನವರಿಗೆ ಹೋಯಿತು. ವಿಚಾರಣೆಗೆ ಇಬ್ಬರು ಬಂದರು. ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. “ಹೌದು ಸಾರ್, ಕೊಟ್ಟಿದೀನಿ. ತಲೆಗೆ ಎರಡು. ಪುಸ್ತಕದಲ್ಲಿರೋದನ್ನೇ ಕೈಗೆ ಕೊಟ್ಟಿದೀನಿ” ಎಂದರು. ಬಂದವರು ಬುಟ್ಟಿಯ ಸಮೇತ ಎಲೆಗಳನ್ನು ತೆಗೆದುಕೊಂಡು ಹೋದರು. ಹದಿನೈದು ದಿನಕ್ಕೆ ಆದೇಶ ಬಂತು: ತರೀಕೆರೆಯಿಂದ ಆಚೆ, ಹೆಬ್ಬೆ ಕಡೆಯ ಗುಡ್ಡದ ಬುಡದಲ್ಲಿದ್ದ ಒಂದು ಶಾಲೆಗೆ ಅವರು ಹೋಗಬೇಕು. ನಿವೃತ್ತಿಗೆ ಎರಡು ವರ್ಷವಿತ್ತು. ಕಡೂರಿನಿಂದ ದಿನಾ ಒಂದು ರೈಲು, ಎರಡು ಬಸ್ಸು. ಆ ಹುಡುಗಿ ಅಲ್ಲಿಯವರೆಗೂ ಶಾಲೆಗೆ ವಾಪಸ್ ಬಂದಿರಲಿಲ್ಲ. ಪರೀಕ್ಷೆಗೆ ಆರು ವಾರ ಉಳಿದಿತ್ತು.

ಹೊರಡುವ ಹಿಂದಿನ ಭಾನುವಾರ ಮೇಡಂ ಫೋನ್ ಮಾಡಿದರು. “ಆ ಹುಡುಗಿ ಮನೆಗೆ ಹೋಗ್ಬೇಕು. ನೀವೂ ಬನ್ನಿ, ಒಬ್ಬಳೇ ಹೋದ್ರೆ ಬಾಗಿಲು ತೆಗೆಯಲ್ಲ.” ಹೋಗದೆ ಇರಲು ನನಗೆ ನೆಪ ಹೊಳೆಯಲಿಲ್ಲ. ಆಟೋ ಇಳಿದು ರಾಗಿ ಕುಯ್ದ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೆವು. ಅವರು ಮುಂದೆ, ನಾನು ಹಿಂದೆ. ತಿರುಗಿ ನೋಡದೆಯೇ ಕೇಳಿದರು, “ವಿಚಾರಣೆಗೆ ಬಂದೋರು ಅರ್ಜಿ ತೋರಿಸಿದ್ರು. ಅದರಲ್ಲಿ ಅರ್ಧವಿರಾಮ ಇತ್ತು. ನಮ್ಮ ಕಡೆ ಅರ್ಧವಿರಾಮ ಹಾಕಿ ಅರ್ಜಿ ಬರೆಯೋರು ಎಷ್ಟು ಜನ ಇದಾರೆ?”

ನನ್ನ ಕಾಲು ಅಲ್ಲೇ ನಿಂತಿತು.

“ಒಬ್ಬರು” ಎಂದರು ಅವರೇ. “ಒಂದರಲ್ಲಿ ಒಂದು. ಖಚಿತ ಘಟನೆ.”

“ನನ್ನ ಮೇಲೆ ಕೋಪ ಇದೆಯಾ?” ಎಂದು ಕೇಳಿದೆ.

“ಇದೆ ಕಣ್ರೀ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ತುಂಬಾ ಇದೆ. ಆದರೆ ಇವತ್ತು ಅದಕ್ಕೆ ಪುರುಸೊತ್ತಿಲ್ಲ, ನಡೀರಿ.”

ಹುಡುಗಿಯ ಅಪ್ಪ ಮನೆಯಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದಾನೆ ಎಂದು ಯಾರೂ ಕೇಳಲಿಲ್ಲ. ಅಮ್ಮ ಚಾಪೆ ಹಾಸಿದಳು, ಮುಖ ಮಾತ್ರ ಗಂಟು. ಪರೀಕ್ಷೆಯ ವಿಷಯ ಎತ್ತಿದ ಕೂಡಲೇ ಬೇಡ ಎಂದಳು. “ಅವರಪ್ಪನ ಕೈ ಇವಳಿಗೂ ಬಂದ್ಬಿಟ್ರೆ ನಾನೇನು ಮಾಡ್ಲಿ? ನನ್ನ ಹಣೆಬರನೇ ಸರಿ ಇಲ್ಲ. ಅವ್ರು ಆಡಕ್ಕೆ ಹೊರಡೋವಾಗ ನಾನು ಎದುರಿಗೆ ಬರಂಗಿಲ್ಲ. ಬಂದ್ರೆ ಅವತ್ತು ಒಳ್ಳೇ ಎಲೆ ಬೀಳಲ್ವಂತೆ. ಮದ್ವೆಯಾದ ಹೊಸದ್ರಲ್ಲೇ ನಮ್ಮತ್ತೆ ಅಂದ್ಬಿಟ್ರು, ಇವಳ ಕಾಲ್ಗುಣ ಸರಿಯಿಲ್ಲ ಅಂತ. ಹದಿನೇಳು ವರ್ಷ ಆಯ್ತು. ಇವಳು ಪರೀಕ್ಷೆಗೆ ಹೋಗೋವಾಗ್ಲೂ ನಾನು ಅಡಿಗೆಮನೇಲೇ ಇದ್ಬಿಡ್ತೀನಿ. ನನ್ನಿಂದ ಯಾಕೆ ಅಪಶಕುನ.”

ಇದನ್ನು ಅವಳು ಅಳುತ್ತಾ ಹೇಳಲಿಲ್ಲ, ದನಕ್ಕೆ ಹುಲ್ಲು ಹಾಕಿ ಬಂದೆ ಅನ್ನುವ ದನಿಯಲ್ಲಿ ಹೇಳಿದಳು. ಮೇಡಂ ಸ್ವಲ್ಪ ಹೊತ್ತು ಅವಳ ಪಾದಗಳನ್ನೇ ನೋಡಿದರು. ಆಮೇಲೆ ಬ್ಯಾಗಿನಿಂದ ಹೊಸ ಕಟ್ಟೊಂದು ತೆಗೆದರು. ಅಮ್ಮ ಬೆಚ್ಚಿ ಹಿಂದೆ ಸರಿದಳು.

“ಮುಟ್ಟಬೇಡಿ. ನೀವು ಹೊಸಿಲ ಹತ್ರ ನಿಂತ್ಕೊಳ್ಳಿ ಸಾಕು. ನಾನು ಒಂದೊಂದೇ ಎಲೆ ತೆಗೀತೀನಿ. ರಾಜ, ರಾಣಿ, ಗುಲಾಮ, ಇವು ಚಿತ್ರದ ಎಲೆ. ಕಟ್ಟಿನಲ್ಲಿ ಹನ್ನೆರಡು ಇವೆ. ನೀವು ಒಳಗೆ ನಮ್ಮ ಎದುರಿಗಿದ್ದಾಗ ಇಪ್ಪತ್ತಾರು ಸಲ ತೆಗೀತೀನಿ, ಆಚೆ ಹೋಗಿದ್ದಾಗ ಇಪ್ಪತ್ತಾರು ಸಲ. ನಿಮ್ಮ ಕಾಲ್ಗುಣ ನೋಡೇ ಬಿಡೋಣ.”

ಪ್ರತಿ ಸಲ ತೆಗೆದ ಎಲೆಯನ್ನು ವಾಪಸ್ ಸೇರಿಸಿ ಕಲೆಸುವ ಕೆಲಸ ನನಗೆ ಬಂತು. ನನ್ನ ಜನ್ಮದಲ್ಲಿ ಇಸ್ಪೀಟು ಕಲೆಸಿದವಳಲ್ಲ. ಎಲೆಗಳು ಅರ್ಧ ಚಾಪೆಯ ಮೇಲೆ, ಅರ್ಧ ನನ್ನ ಸೆರಗಿನಲ್ಲಿ. ಹುಡುಗಿ ನೋಟ್‌ಬುಕ್ಕಿನಲ್ಲಿ ಎರಡು ಮನೆ ಗೀಚಿಕೊಂಡು, ಒಂದಕ್ಕೆ ‘ಅಮ್ಮ ಒಳಗೆ’, ಇನ್ನೊಂದಕ್ಕೆ ‘ಅಮ್ಮ ಆಚೆ’ ಎಂದು ಹೆಸರು ಬರೆದಳು. ಮೊದಮೊದಲು ಅಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹತ್ತನೇ ಎಲೆಯ ಹೊತ್ತಿಗೆ ಕತ್ತು ತಿರುಗಿಸಿ ನೋಡತೊಡಗಿದಳು. ಆಚೆ ಹೋದಮೇಲೂ “ಎಷ್ಟಾಯ್ತೇ?” ಎಂದು ಜಗಲಿಯಿಂದ ಕೂಗಿ ಕೇಳುವುದು. ಮೇಡಂ, “ಕೂಗಬೇಡಿ, ಎಲೆಗೆ ನೀವಿರೋದು ಗೊತ್ತಾಗುತ್ತೆ” ಎಂದು ಗದರಿದರು. ಹುಡುಗಿ ಪೆನ್ನು ಕಚ್ಚಿಕೊಂಡು ನಕ್ಕಳು. ಒಂದು ತಿಂಗಳಿಂದ ಅವಳು ನಕ್ಕಿರಲಿಲ್ಲವೇನೋ, ಅವಳ ಅಮ್ಮನೂ ಒಳಗೆ ಇಣುಕಿ ನೋಡಿದಳು.

ಮುಗಿದಾಗ ‘ಅಮ್ಮ ಒಳಗೆ’ ಮನೆಯಲ್ಲಿ ಚಿತ್ರದ ಎಲೆ ಏಳು, ‘ಅಮ್ಮ ಆಚೆ’ ಮನೆಯಲ್ಲಿ ಐದು.

ಅಮ್ಮ ನೋಟ್‌ಬುಕ್ಕಿನ ಮೇಲೆ ಬಗ್ಗಿ ಗೀಟುಗಳನ್ನು ತಾನೇ ಬೆರಳಿಟ್ಟು ಎಣಿಸಿದಳು. “ನಾನಿದ್ದಾಗ್ಲೇ ಎರಡು ಜಾಸ್ತಿ ಬಂದೈತೆ” ಎಂದಳು.

ಬೇರೆ ಯಾರಾದರೂ ಆಗಿದ್ದರೆ, ನೋಡು ತಾಯಿ, ನಿನ್ನ ಕಾಲ್ಗುಣ ಚಿನ್ನದಂಥದ್ದು ಎಂದು ಹೇಳಿ ಎದ್ದುಬಿಡುತ್ತಿದ್ದರು. ನಾನಾದರೂ ಹಾಗೇ ಹೇಳುತ್ತಿದ್ದೆ. ಮೇಡಂ ತಲೆಯಾಡಿಸಿದರು.

“ಬಂದಿದೆ. ಹಾಗಂತ ಹಿಗ್ಗಬೇಡಿ. ಇನ್ನೊಂದು ಸಲ ಮಾಡಿದ್ರೆ ನೀವಿದ್ದಾಗ ಐದು, ಆಚೆ ಇದ್ದಾಗ ಏಳು ಬಂದರೂ ಬರಬಹುದು. ಐವತ್ತೆರಡರಲ್ಲಿ ಹನ್ನೆರಡು, ಅಷ್ಟೇ ಇದರ ಗುಟ್ಟು. ಹೊಸಿಲ ಹತ್ರ ಯಾರು ನಿಂತಿದಾರೆ ಅಂತ ಈ ಹನ್ನೆರಡಕ್ಕೆ ಗೊತ್ತಿಲ್ಲ. ನಿಮ್ಮ ಮುಖ ಇವು ನೋಡೇ ಇಲ್ಲ ಕಣಮ್ಮ.”

ಆಕೆ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಸಿಟ್ಟಾದಳು. “ಹಂಗಾದ್ರೆ ಹದಿನೇಳು ವರ್ಷ ಯಾರ ತಪ್ಪಿಗೆ ನಾನು ಅಡಿಗೆಮನೆ ಸೇರ್ಕಂಡಿದ್ದೆ?” ಎಂದು ಕೇಳಿದಳು. ಆಮೇಲೆ ಮಗಳ ಕಡೆ ತಿರುಗಿ, “ಬ್ಯಾಗು ಎಲ್ಲಿಟ್ಟಿದೀಯೇ? ನಾಳೆಗೆ ಜೋಡಿಸ್ಕ” ಎಂದಳು.

ಅರ್ಜಿ ವಾಪಸ್ ಪಡೆಯಲು ಅವಳೇ ಬಂದು ಇನ್ನೊಂದು ಅರ್ಜಿ ಬರೆಸಿದಳು. ಈ ಸಲ, ಹಿಂದೆ ಬಿಟ್ಟಿದ್ದ ಲೆಕ್ಕ ಎಂಬ ಪದವನ್ನು ಬರೆದೆ. ಆದೇಶ ಬದಲಾಗಲಿಲ್ಲ. ಮೇಡಂ ಎರಡು ವರ್ಷ ಆ ಗುಡ್ಡದ ಬುಡಕ್ಕೆ ಓಡಾಡಿಯೇ ನಿವೃತ್ತರಾದರು. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಕಾಫಿ ಕುಡಿಸುತ್ತಿದ್ದರು. ಮಾತಾಡುತ್ತಿದ್ದರು, ನಗುತ್ತಿದ್ದರು. ಕ್ಷಮಿಸಿದ್ದೇನೆ ಎಂದು ಒಂದು ದಿನವೂ ಹೇಳಲಿಲ್ಲ, ನಾನೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಬೇಕಿತ್ತು. ಈಗ ಅದೊಂದೇ ಕೊರಗು.

ಆ ವರ್ಷದ ಗಣಿತ ಪರೀಕ್ಷೆಯ ದಿನ ಅಜ್ಜಂಪುರದ ಕೇಂದ್ರದಲ್ಲಿ ನನಗೆ ಡ್ಯೂಟಿ ಇತ್ತು. ಗೇಟಿನ ಹತ್ತಿರ ಆ ಹುಡುಗಿ ಬಂದಳು, ಅವಳ ಹಿಂದೆ ಅಲ್ಲ, ಮುಂದೆ, ಅವಳ ಅಮ್ಮ. ತಲೆಗೆ ಹೂ ಮುಡಿದಿದ್ದಳು. “ಮೇಡಂಗೆ ಒಂದು ಫೋನ್ ಮಾಡಿ ಹೇಳ್ತೀರಾ ಟೀಚರ್? ಬೆಳಿಗ್ಗೆ ನಾನೇ ಎದುರಿಗೆ ಬಂದು ಹೊರಡಿಸ್ಕಂಡು ಬಂದಿದೀನಿ. ಊರವರೆಲ್ಲ ನೋಡಿದ್ರು. ನೋಡ್ಕಳ್ಲಿ” ಎಂದಳು.

ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಗೇಟಿನಾಚೆ ಬೇವಿನ ಮರದ ಕೆಳಗೆ ನಿಂತು ಫೋನ್ ಮಾಡಿದೆ. ಮೇಡಂ ಆ ಕಡೆ ಬಸ್ಸಿನಲ್ಲಿದ್ದರು. ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರ ದನಿಯಲ್ಲಿ ಆತಂಕವಿತ್ತು.

“ಹಾಗಲ್ಲ ಕಣ್ರೀ. ಹುಡುಗಿ ಫೇಲಾದ್ರೆ ಎಲ್ಲರೂ ಸೇರಿ ಮತ್ತೆ ಆಯಮ್ಮನ ಕಾಲಿಗೇ ಗಂಟು ಹಾಕ್ತಾರೆ. ಪಾಸಾದ್ರೂ ಅದನ್ನೇ ಮಾಡ್ತಾರೆ, ಕಾಲ್ಗುಣ ತಿರುಗ್ತು ಅಂತ. ಎರಡೂ ತಪ್ಪು. ಬರೆಯೋಳು ಆ ಹುಡುಗಿ. ಅಮ್ಮ ಎದುರಿಗೆ ಬಂದಿದ್ದಕ್ಕೂ ಪೇಪರಿಗೂ ಸಂಬಂಧ ಇಲ್ಲ. ಇದನ್ನ ಈಗ್ಲೇ ಹೋಗಿ ಹೇಳಿ. ರಿಸಲ್ಟ್ ಬಂದಮೇಲೆ ಹೇಳಿದ್ರೆ ನಂಬಲ್ಲ.”

ಹುಡುಗಿ ಪಾಸಾದಳು, ಅದು ಆಮೇಲಿನ ಮಾತು. ಅವತ್ತು ನಾನು ವಾಪಸ್ ಗೇಟಿನ ಹತ್ತಿರ ಹೋದೆ. ಮಗಳು ಒಳಗೆ ಹೋಗಿಯಾಗಿತ್ತು. ಅಮ್ಮ ಕಾಂಪೌಂಡಿನ ಸರಳು ಹಿಡಿದು ಇನ್ನೂ ಅತ್ತಲೇ ನೋಡುತ್ತಿದ್ದಳು. ಮೇಡಂ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ: ಪಾಸೋ ಫೇಲೋ, ನೀನು ಎದುರಿಗೆ ಬಂದಿದ್ದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲವಂತೆ.

ಅವಳು ಸರಳು ಬಿಟ್ಟು ನನ್ನ ಕಡೆ ತಿರುಗಿದಳು.

“ಆಯ್ತು ಬಿಡಿ” ಎಂದಳು. “ಹಂಗಾದ್ರೆ ಬರೀ ಅವಳಮ್ಮ ಅಂತ ಬಂದೆ ಅನ್ಕಳಿ.”